ಇಪ್ಪತ್ತೇಳು ಕೆಂಪು ಕಾಳು

ನನ್ನ ಹೆಂಡತಿಯ ತಾಯಿ ಮೈಸೂರು ಸೀಮೆಯ ತಮ್ಮ ಹಿತ್ತಲಿನಲ್ಲಿ ಕಡೆಯವರೆಗೂ ಕೆಂಪು ಮುಸುಕಿನ ಜೋಳ ಬೆಳೆಯುತ್ತಿದ್ದರು. ಗಿಡ್ಡ ತೆನೆ, ದಾಳಿಂಬೆ ಬಣ್ಣದ ಕಾಳು. ಅವರು ತೀರಿಕೊಂಡ ಮೇಲೆ ಆ ಬೀಜವನ್ನು ಅಲ್ಲಿ ಯಾರೂ ಉಳಿಸಿಕೊಳ್ಳಲಿಲ್ಲ. ಅವರು ಕೈಯಾರೆ ಕೊಟ್ಟಿದ್ದ ಇಪ್ಪತ್ತೇಳು ಕಾಳು ಮಾತ್ರ ದುಬೈನ ಅಲ್ ಕುಸೈಸಿನಲ್ಲಿರುವ ನಮ್ಮ ಮನೆಯ ಅಡುಗೆಮನೆಯಲ್ಲಿ, ಒಂದು ಕಾಫಿ ಬಾಟಲಿಯೊಳಗಿದ್ದವು.

"ತಂದು ಮೂರು ವರ್ಷ ಆಯ್ತು. ಇನ್ನೊಂದು ಚಳಿಗಾಲ ಕಾದ್ರೂ ಏನಾಗಲ್ಲ" ಎಂದಳು ಹೆಂಡತಿ.

ಶಾಸನಗಳ ಕಾಲನಿರ್ಣಯದಲ್ಲೇ ಆಯುಸ್ಸು ಕಳೆದವನು ನಾನು. ನೆನಪನ್ನು ಆಧಾರವೆಂದು ಒಪ್ಪುವುದು ನನಗೆ ಕಷ್ಟ. ಮೂಲೆ ಕತ್ತರಿಸಿದ ಅವಳ ಹಳೆಯ ಪಾಸ್‌ಪೋರ್ಟನ್ನು ಕೇಳಿ ಪಡೆದು ಮುದ್ರೆಗಳನ್ನು ನೋಡಿದೆ. ಅವಳು ಊರಿನಿಂದ ಬೀಜ ತಂದು ಮೂರಲ್ಲ, ಆರು ವರ್ಷವಾಗಿತ್ತು. ಅಷ್ಟು ಹಳೆಯ ಬೀಜದಲ್ಲಿ ಎಷ್ಟು ಜೀವ ಉಳಿದಿರಬಹುದು? ಬಿತ್ತುವುದಾದರೆ ಈ ಚಳಿಗಾಲದಲ್ಲೇ ಬಿತ್ತಬೇಕು ಎಂದೆ. ಅವಳು ಬಾಟಲಿಯ ಮುಚ್ಚಳ ತೆಗೆದು ಕಾಳುಗಳನ್ನು ಎಣಿಸಿ ನನ್ನ ಮುಂದಿಟ್ಟಳು.

ನೆಲಮಹಡಿಯ ನಮ್ಮ ಮನೆಯ ಹಿಂದೆ ನಾಲ್ಕು ಹೆಜ್ಜೆ ಅಗಲದ ಅಂಗಳವಿದೆ. ಮರಳಿಗೆ ಚೀಲದ ಗೊಬ್ಬರ ಬೆರೆಸಿ ಪಾತಿ ಮಾಡಿದೆವು. ಇಲ್ಲಿಯವರೆಗೆ ನನ್ನ ಕ್ರಮ ಸರಿಯಾಗಿಯೇ ಇತ್ತು. ಆಮೇಲೆ ತಪ್ಪಿದೆ. ಈ ನೆಲಕ್ಕೆ ಯಾವ ದಿನಾಂಕ ಒಗ್ಗುತ್ತದೆಂದು ತಾಳೆ ನೋಡುವ ಆಸೆಯಿಂದ, ನವೆಂಬರ್ ಮೊದಲ ವಾರದಿಂದ ಮೂರು ವಾರಕ್ಕೊಮ್ಮೆ ಒಂಬತ್ತೊಂಬತ್ತು ಕಾಳಿನಂತೆ ಮೂರು ಕಂತಿನಲ್ಲಿ ಬಿತ್ತಿದೆ.

ಮೊದಲ ಕಂತಿನಲ್ಲಿ ಮೂರು ಗಿಡ ಎದ್ದವು. ಎರಡನೆಯದರಲ್ಲಿ ನಾಲ್ಕು. ಮೂರನೆಯದರಲ್ಲಿ ಒಂದೂ ಮೊಳೆಯಲಿಲ್ಲ.

ಮೊದಲ ಮೂರು ಗಿಡಗಳ ತುದಿಯ ಗಂಡು ಹೂಗಳು ಪರಾಗ ಉದುರಿಸಿ ಒಣಗಿದವು. ತೆನೆಯ ಕೂದಲು ಹೊರಬಂದದ್ದು ಅದಾದ ಮೇಲೆ. ಜೋಳಕ್ಕೆ ಪಕ್ಕದ ಗಿಡದ ಪರಾಗ ಬೇಕು. ಪಕ್ಕದವು ಇನ್ನೂ ಮೊಣಕಾಲೆತ್ತರಕ್ಕಿದ್ದವು. ಕಡೆಗೆ ತೆನೆ ಸುಲಿದರೆ ಬರಿಯ ದಿಂಡು.

ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಮ್ಮ ಎಲ್ಲಾನೂ ಒಂದೇ ಬೆಳಿಗ್ಗೆ, ಗುಂಪಾಗಿ ಹಾಕ್ತಿದ್ರು ಕಣ್ರೀ."

"ಮೊದಲೇ ಹೇಳಬಾರದಿತ್ತೇ?"

"ನೀವು ಕೇಳಿದ್ರಾ? ಪಾಸ್‌ಪೋರ್ಟ್ ಕೇಳಿದ್ರಿ, ಕೊಟ್ಟೆ."

ಇನ್ನು ಉಳಿದದ್ದು ನಾಲ್ಕೇ ಗಿಡ. ಅವೂ ಹುಸಿಯಾದರೆ ಆ ಬೀಜ ಲೋಕದಲ್ಲಿ ಇಲ್ಲ.

ಅವುಗಳಲ್ಲಿ ಹೂ ಬಂದ ದಿನದಿಂದ ಅವಳು ಬೆಳಗಿನ ಕಾಫಿಯನ್ನು ಮುಂದಕ್ಕೆ ಹಾಕಿದಳು. ಗೋಡೆಗಳ ನಡುವೆ ಗಾಳಿಯಾಡುವುದಿಲ್ಲವಾದ್ದರಿಂದ ಪರಾಗವನ್ನು ನಾವೇ ದಾಟಿಸಬೇಕಿತ್ತು. ನಾನು ಗಿಡವನ್ನು ಮೆಲ್ಲನೆ ಬಾಗಿಸುವೆ. ಅವಳು ಹೂವನ್ನು ಕಂದು ಲಕೋಟೆಯೊಳಗೆ ಕೊಡವಿ, ಆ ಹಳದಿ ಪುಡಿಯನ್ನು ಪಕ್ಕದ ಗಿಡದ ತೆನೆಗೂದಲಿನ ಮೇಲೆ ಬೆರಳಿಂದ ಉದುರಿಸುವಳು, ಮಗುವಿನ ನೆತ್ತಿಗೆ ಎಣ್ಣೆ ಇಡುವ ಹಾಗೆ.

ಮಹಡಿಯ ಮೇಲಿನ ಮಂಗಳೂರಿನ ನರ್ಸಮ್ಮ ಡ್ಯೂಟಿ ಮುಗಿಸಿ ಬರುತ್ತ ಗೇಟಿನ ಬಳಿ ನಿಂತು ನೋಡಿದರು. "ಎಂತದು ಮಾರಾಯ್ರೇ, ಜೋಳಕ್ಕೂ ನೀವೇ ಮದುವೆ ಮಾಡಿಸುದಾ?"

"ಮದುವೆ ಆಯ್ತಮ್ಮ. ಹೆರಿಗೆಗೆ ನೀವು ಬನ್ನಿ" ಎಂದಳು ಇವಳು.

"ಯಲ್ಲಾ, ಆಗಲಿ, ಬರ್ತೇನೆ! ಆದ್ರೆ ನೈಟ್ ಡ್ಯೂಟಿ ಇರುವಾಗ ಮಾತ್ರ ಕರೀಬೇಡಿ."

ಎಂಟು ದಿನ ಬೆಳಿಗ್ಗೆ ಹೀಗೆ ಮಾಡಿದೆವು. ಮಾರ್ಚ್ ಕಡೆಯ ವಾರ ಸಿಪ್ಪೆ ಒಣಗಿದಾಗ ನರ್ಸಮ್ಮನನ್ನು ಕರೆದೇ ಸುಲಿದೆವು. ನಾಲ್ಕರಲ್ಲಿ ಎರಡು ತೆನೆ ಅರೆಬರೆ, ಒಂದು ಪೊಳ್ಳು. ನಾಲ್ಕನೆಯದು ಬುಡದಿಂದ ತುದಿಯವರೆಗೆ ಕೆಂಪಗೆ ತುಂಬಿತ್ತು. ನರ್ಸಮ್ಮ ಚಪ್ಪಾಳೆ ತಟ್ಟಿದರು. ಹೆಂಡತಿ ತೆನೆಯನ್ನು ಸೆರಗಿನಲ್ಲಿ ಒರೆಸಿದಳು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

ಬಾಟಲಿಗೆ ಅಂಟಿಸುವ ಚೀಟಿಯಲ್ಲಿ ನಾನು ಬಿತ್ತಿದ, ಹೂ ಬಂದ, ಸುಲಿದ ದಿನಾಂಕಗಳನ್ನು ಡೈರಿಯೊಡನೆ ಎರಡು ಸಲ ತಾಳೆ ನೋಡಿ ಬರೆದೆ. ಅವಳು ಪೆನ್ನು ಕಿತ್ತುಕೊಂಡು ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಸೇರಿಸಿದಳು: "ಅಮ್ಮನ ಜೋಳ. ಎಲ್ಲ ಒಂದೇ ದಿನ ಬಿತ್ತುವುದು."