ಗುಣಿಸಿದ ದನಿ

ಅಟ್ಟೂರಿನ ಚೈತ್ರ ಹೊಟ್ಟೆಪಾಡಿಗೆ ದೆವ್ವಗಳಿಗೆ ದನಿ ಕೊಡುತ್ತಾಳೆ. ಧಾರಾವಾಹಿಯಲ್ಲಿ ಮೋಹಿನಿ ಕಿರುಚಿದಾಗ ನೀವು ಬೆಚ್ಚಿಬೀಳುತ್ತೀರಲ್ಲ, ಆ ಕಿರುಚಾಟ ಅವಳ ಮಹಡಿಕೋಣೆಯ ಕಂಪ್ಯೂಟರಿನದು. ಪಕ್ಕದ ಮನೆಯ ನನಗೆ ಹಗಲೆಲ್ಲ ಅದೇ ಸಂಗೀತ.

ಒಮ್ಮೆ ಬೈಯಲು ಹೋದ ನನ್ನನ್ನು ಕೂರಿಸಿ ಪಾಠ ಹೇಳಿದಳು. ಸಿಂಥಸೈಜರ್ ಸಾಫ್ಟ್‌ವೇರಿನಲ್ಲಿ ರಿಂಗ್ ಮಾಡ್ಯುಲೇಶನ್ ಅಂತ ಒಂದಿದೆಯಂತೆ. ಅದು ಎರಡು ದನಿಗಳನ್ನು ಬೆರೆಸುವುದಿಲ್ಲ, ಗುಣಿಸುತ್ತದೆ. ಸೆಕೆಂಡಿಗೆ ಮುನ್ನೂರು ಸಲ ಕಂಪಿಸುವ ದನಿಯನ್ನು ಇನ್ನೂರರ ಸ್ವರದಿಂದ ಗುಣಿಸಿದರೆ ಹೊರಬರುವುದು ಐನೂರು ಮತ್ತು ನೂರು. ಕೊಟ್ಟ ಎರಡೂ ಮಾಯ. ಮನುಷ್ಯರ ಮಾತಾದರೆ ಗಂಡಸೋ ಹೆಂಗಸೋ ತಿಳಿಯದ ತಗಡಿನ ದನಿಯಾಗುತ್ತದೆ.

ಕಳೆದ ಆಷಾಢದಲ್ಲಿ ಅಂಥದ್ದೇ ದನಿ ಅವಳ ಫೋನಿಗೆ ಬಂತು. ಗುರುತಿಲ್ಲದ ನಂಬರಿನ ವಾಯ್ಸ್ ಮೆಸೇಜ್.

"ಶೆಟ್ಟಿಹಳ್ಳಿ ಜಮೀನಿಗೆ ಸೈನ್ ಆಕ್ಬುಡು. ಇಲ್ಲಾಂದ್ರೆ ನಿನ್ ಮಗಳು ಸ್ಕೂಲಿಂದ ಮನೆಗ್ ಬರಾಕಿಲ್ಲ."

ಅಪ್ಪನ ಜಮೀನಿನ ತನ್ನ ಪಾಲನ್ನು ಬಿಟ್ಟುಕೊಡಲು ಚೈತ್ರ ಒಪ್ಪಿರಲಿಲ್ಲ. ಅಣ್ಣ ಚನ್ನಕೇಶವನಿಗೆ ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುವ ಆತುರ. ಇದು ಅವನದೇ ಕೆಲಸ ಎಂದು ನನಗೂ ಸಿಟ್ಟು ನೆತ್ತಿಗೇರಿತು. ಮಗನ ಜೊತೆ ಜಗಳವಾಡಿಕೊಂಡು ಬಂದು ಮಗಳ ಮನೆಯಲ್ಲಿದ್ದ ತಾಯಿ ಲಕ್ಷ್ಮಿದೇವಮ್ಮ, "ಮಗೀನ್ನ ನಾನ್ ಕರ್ಕೊಂಬತ್ತೀನಿ ಬಿಡು" ಎಂದರು. ಅಂದಿನಿಂದ ದಿನಾ ಅವರೇ ಶಾಲೆಗೆ ಹೋಗುತ್ತಿದ್ದರು.

ಪೊಲೀಸರಿಗೆ ಕೊಡಲು ಸಾಕ್ಷಿ ಬೇಕಲ್ಲ.

"ಯಾವ ಸ್ವರದಿಂದ ಗುಣಿಸಿದ್ದಾರೋ ಅದರಿಂದಾನೇ ಇನ್ನೊಂದ್ಸಲ ಗುಣಿಸಿದ್ರೆ ಅಸಲಿ ದನಿ ವಾಪಸ್ ಬರುತ್ತೆ ಅಂಕಲ್," ಎಂದಳು ಚೈತ್ರ. ಯಾವ ಸ್ವರ ಎನ್ನುವುದನ್ನು ಮಾತ್ರ ಹುಡುಕಬೇಕಿತ್ತು.

ಒಂದು ಮಧ್ಯಾಹ್ನ ನನ್ನನ್ನೂ ಕೂರಿಸಿಕೊಂಡು, ತೆರೆಯ ಮೇಲಿನ ನಾಬನ್ನು ಚೂರುಚೂರೇ ತಿರುಗಿಸುತ್ತ ಹೋದಳು. ನೂರೆಂಬತ್ತರಲ್ಲಿ ಬರೀ ತಗಡು. ಇನ್ನೂರಹತ್ತರಲ್ಲಿ ಗಂಟಲು ಮೂಡಿತು. ಇನ್ನೂರಹದಿನಾಲ್ಕಕ್ಕೆ ಉಸಿರೂ ಕೇಳಿಸಿತು. ಉಳಿದ ಕೀರಲನ್ನು ಸೋಸಿ ತೆಗೆದಳು. ಅದು ಲಕ್ಷ್ಮಿದೇವಮ್ಮನ ದನಿ.

ಗಡಿಯಾರದಲ್ಲಿ ಮೂರೂವರೆ. ಶಾಲೆ ಬಿಟ್ಟಾಗಿತ್ತು.

ಚೈತ್ರ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು, ಹಿಂದೆಯೇ ನಾನು. ಮನೆಯ ಗೇಟಿನಾಚೆಯೇ ಅಜ್ಜಿ ಮೊಮ್ಮಗಳು ನಿಂತಿದ್ದರು. ಮಗುವಿನ ಒಂದು ಕೈಯಲ್ಲಿ ಐಸ್‌ಕ್ಯಾಂಡಿ, ಇನ್ನೊಂದು ಕೈ ಅಜ್ಜಿಯ ಹಿಡಿತದಲ್ಲಿ. ಅವರ ಬೆನ್ನ ಹಿಂದೆ ಚನ್ನಕೇಶವನ ಕಾರು, ಬಾಗಿಲು ತೆರೆದೇ ಇತ್ತು.

ಮಹಡಿಯ ಸ್ಪೀಕರಿನಲ್ಲಿ ಆ ಮಾತು ಮತ್ತೆ ಮತ್ತೆ ಓಡುತ್ತಿತ್ತು. ಲಕ್ಷ್ಮಿದೇವಮ್ಮ ಕತ್ತೆತ್ತಿ ತಮ್ಮ ದನಿಯನ್ನು ಪೂರ್ತಿ ಕೇಳಿಸಿಕೊಂಡರು.

"ಗೊತ್ತಾಯ್ತಾ? ಒಳ್ಳೇದೇ ಆಯ್ತು," ಎಂದರು. "ಓಗು, ಪೆನ್ನು ತಗಂಬಾ."