ಗಾಡಿ ಬಿಟ್ಟ ಮೇಲೆ ಬುತ್ತಿ

ನಮ್ಮೂರು ಬನಹಟ್ಟಿಗೆ ರೈಲು ಬಂದಿಲ್ಲ. ಬರುತ್ತದೆ ಎಂಬ ಮಾತು ಮಾತ್ರ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಬರುತ್ತಲೇ ಇದೆ. ಆ ಮಾತನ್ನೇ ಉಂಡು ದಪ್ಪಗಾದವನು ನಮ್ಮಣ್ಣ. ರೈಲಿಗಾಗಿ ಹೋರಾಡುವವರ ಗುಂಪಿನಲ್ಲಿ ಅವನಿಗೊಂದು ಖುರ್ಚಿ ಉಂಟು. ಧರಣಿಗೆ ಶಾಮಿಯಾನ ಹಾಕಿದ ದಿನ ಮೈಕು ಮೊದಲು ಅವನ ಕೈಗೇ ಹೋಗಬೇಕು. "ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಮಂದಿ ರೈಲಿನ ಮುಖಾ ನೋಡದನ ಸಾಯಬೇಕೇನ?" ಎಂದು ಅವನು ಗಂಟಲು ಹರಿದುಕೊಂಡರೆ ಕೆಳಗೆ ಕೂತವರು ಚಪ್ಪಾಳೆ ತಟ್ಟುತ್ತಾರೆ. ಊಟದ ಹೊತ್ತಿಗೆ ಸರಿಯಾಗಿ ಹೋರಾಟ ಮುಗಿಯುತ್ತದೆ.

ಸೀರೆ ವ್ಯಾಪಾರಕ್ಕೆಂದು ಇದೇ ಅಣ್ಣ ಮುಂಬಯಿಗೆ, ಪುಣೆಗೆ ರೈಲಿನಲ್ಲಿ ತಿರುಗಿ ಚಪ್ಪಲಿ ಸವೆಸಿದ್ದಾನೆ. ತೇರದಾಳ ದಾಟಿ ಮುಂದೆ ಹೋದರೆ ಕುಡಚಿ ಸ್ಟೇಷನ್ನು, ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ. ಅವನ ಭಾಷಣ ಕೇಳಿ ಚಪ್ಪಾಳೆ ತಟ್ಟಿದವರೂ ಬೇಕಾದಾಗ ಅಲ್ಲಿಗೆ ಹೋಗಿ ರೈಲು ಹತ್ತಿದವರೇ. ನಿಜವಾಗಿಯೂ ರೈಲು ಹತ್ತದೆ ಉಳಿದಿದ್ದವಳು ಆ ಶಾಮಿಯಾನದ ಕೆಳಗೆ ಇರಲಿಲ್ಲ. ಅವಳು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಮ್ಮ ಅತ್ತೆ, ಅಪ್ಪನ ತಂಗಿ.

ಅತ್ತೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆಮೇಲೆ ಮನೆಯವರೆಲ್ಲ ಎಲ್ಲಿಗಾದರೂ ಹೊರಟಾಗ ಅವಳು ಉಳಿಯುವುದು ಒಂದು ಪದ್ಧತಿಯೇ ಆಯಿತು. ಸಾಂಗ್ಲಿಯಲ್ಲಿ ಮದುವೆ, ಪುಣೆಯಲ್ಲಿ ತೊಟ್ಟಿಲು, ಪಂಢರಪುರದ ವಿಠ್ಠಲನ ದರ್ಶನ, ಎಲ್ಲಕ್ಕೂ ಕುಡಚಿಯಿಂದ ರೈಲು. ಪ್ರತಿ ಸಲವೂ ಯಾರಾದರೊಬ್ಬರು ಅದೇ ಮಾತು ಹೇಳುತ್ತಿದ್ದರು: "ಮನಿಗೆ ಒಬ್ಬರು ಬೇಕಲ್ಲ." ಮೊದಲು ಅಜ್ಜಿ ಹೇಳುತ್ತಿದ್ದಳು, ಆಮೇಲೆ ಅಪ್ಪ, ಆಮೇಲೆ ಅಣ್ಣ. ಒಬ್ಬರು ಎಂದರೆ ಯಾರು ಎಂದು ಯಾರೂ ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಈ ಮಾತನ್ನು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ಅಷ್ಟೂ ಪ್ರಯಾಣಗಳ ಬುತ್ತಿ ಕಟ್ಟಿದ್ದು ಅತ್ತೆಯೇ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ. ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ರೈಲಿನ ಬುತ್ತಿಯನ್ನು ಸ್ಟೇಷನ್ನಿನಲ್ಲಿ ಬಿಚ್ಚಬಾರದು, ಗಾಡಿ ಬಿಟ್ಟ ಮೇಲೆಯೇ ಬಿಚ್ಚಬೇಕು. ಎಷ್ಟೇ ಹಸಿದರೂ ಅಪ್ಪ ನಮ್ಮ ಕೈ ತಡೆಯುತ್ತಿದ್ದ. ಊರಿಗೆ ಮರಳಿದ ಮೇಲೆ ನಾವು ಅದನ್ನೆಲ್ಲ ಅತ್ತೆಯ ಮುಂದೆ ವರ್ಣಿಸುತ್ತಿದ್ದೆವು. ಸೀಟಿ ಹೊಡೆಯಿತು, ಗಾಡಿ ಅಲ್ಲಾಡಿತು, ಅಪ್ಪ ಗಂಟು ಬಿಚ್ಚಿದ. ಅವಳು ಎಣ್ಣೆ ಹಿಡಿದ ಬುತ್ತಿಯ ಅರಿವೆಯನ್ನು ಸೀಗೆಪುಡಿ ಹಾಕಿ ತಿಕ್ಕುತ್ತ ಕೇಳುತ್ತಿದ್ದಳು.

ಎರಡೂ ಕಣ್ಣಿನ ಆಪರೇಷನ್ ಆದ ಮೇಲೆ ಒಂದು ದಿನ ನನ್ನೆದುರು ಬಾಯಿ ಬಿಟ್ಟಳು. "ಒಮ್ಮಿ ರೈಲು ಹತ್ತಬೇಕ ನೋಡವಾ. ಕಣ್ಣು ಛಲೋ ಕಾಣಾಕತ್ತಾವು. ಮೊಣಕಾಲು ಮಾತ್ರ ಭಾಳ ದಿನಾ ಕೇಳಾಂಗಿಲ್ಲ. ಮುಂದಿನ ವರ್ಸ ಮೆಟ್ಟಲಾ ಏರೂದು ಆಗತೈತೋ ಇಲ್ಲೋ."

ನಾನು ಜಮಖಂಡಿಯಲ್ಲಿ ವಕೀಲರೊಬ್ಬರ ಕೈಕೆಳಗೆ ಟೈಪಿಸ್ಟು. ಒಂದು ರವಿವಾರ ಬಂದು ಕುಡಚಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಅವನ ಮುಖ ಹುಳ್ಳಗಾಯಿತು.

"ನಾ ಇಲ್ಲಿ ಊರಿಗೆ ರೈಲು ತರಾಕ ಬಡಿದಾಡಾಕತ್ತೇನಿ, ನಮ್ಮ ಮನಿ ಅತ್ತಿ ಕುಡಚಿಗೆ ಹೋಗಿ ರೈಲು ಹತ್ತಿದ್ರ ಮಂದಿ ಏನಂದಾರು? ನಮ್ಮೂರಿಗೆ ಮೊದಲನೇ ಗಾಡಿ ಬರ್ಲಿ. ಅತ್ತಿನ್ನ ಮುಂದ ಕೂಡ್ರಸ್ತೀನಿ, ಪೇಪರಿನ್ಯಾಗ ಫೋಟೋ ಬರತೈತಿ."

ಅವನಿಗೆ ಬೇಕಾಗಿದ್ದು ಆ ಫೋಟೋ. ಅತ್ತೆಯ ಮೊಣಕಾಲು ಯಾವ ಕಾಲದವರೆಗೆ ಕಾಯಬೇಕು ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಅವನ ಮಾತು ಮೀರಿ ಅತ್ತೆಯೂ ಹೊರಡಲಿಲ್ಲ. ಅವನ ಮನೆಯ ಅನ್ನ ಉಣ್ಣುತ್ತೇನೆ ಎಂಬ ಮುಲಾಜು ಅವಳದು. ಆ ಅನ್ನವನ್ನು ಮಾಡಿ ಬಡಿಸುವವಳೂ ತಾನೇ ಎಂಬುದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಈ ಬೇಸಿಗೆಯ ರಜೆಯಲ್ಲಿ ತನ್ನ ಮೊಮ್ಮಕ್ಕಳು ಬಂದಾಗ ಅಣ್ಣನಿಗೆ ಒಂದು ಭಾರೀ ಉಪಾಯ ಹೊಳೆಯಿತು. ಹುಬ್ಬಳ್ಳಿಯಲ್ಲಿ ರೈಲಿನ ಮ್ಯೂಸಿಯಂ ಇದೆ, ಹಳೆಯ ಉಗಿ ಎಂಜಿನ್ನುಗಳನ್ನು ಇಟ್ಟಿದ್ದಾರೆ, ಒಂದು ಕ್ರೂಸರ್ ಜೀಪು ಬಾಡಿಗೆಗೆ ಮಾಡಿಕೊಂಡು ಎಲ್ಲರೂ ಹೋಗಿ ಬರೋಣ ಎಂದ. "ಅತ್ತಿ, ನಡಿ. ನಿನ್ನ ರೈಲು ಹತ್ತಸ್ತೀನಿ" ಎಂದೂ ಸೇರಿಸಿದ. ಆಮೇಲೆ ನನಗೆ ಫೋನಿನಲ್ಲಿ, ಹುಡುಗರಿಗೂ ತಿರುಗಾಟ ಆಯಿತು, ಅತ್ತೆಯ ಪಿರಿಪಿರಿಯೂ ಮುಗಿಯಿತು ಎಂದು ನಕ್ಕ. ಅತ್ತೆ ಜೀವಮಾನದಲ್ಲಿ ಒಂದೇ ಸಲ ಕೇಳಿದ್ದು ಇವನಿಗೆ ಪಿರಿಪಿರಿ. ನಾನೂ ಬರುತ್ತೇನೆ ಎಂದೆ. ಅವನು ಏನು ಮಾಡುತ್ತಾನೆಂದು ನೋಡಬೇಕಿತ್ತು.

ಹೊರಟ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕ್ರೂಸರಿನಲ್ಲಿ ಕೂತಿದ್ದಳು. ಮುಧೋಳ ದಾಟಿ ಲೋಕಾಪುರ ಬರುವಷ್ಟರಲ್ಲಿ ಎಣ್ಣೆಗಾಯಿಯ ವಾಸನೆ ಅಣ್ಣನ ಮೂಗಿಗೆ ಬಡಿಯಿತು.

"ಅತ್ತಿ, ಒಂದೀಟು ಬಿಚ್ಚ ಅದನ್ನ."

"ರೈಲಿನ ಬುತ್ತಿ ಅದು. ಗಾಡಿ ಬಿಟ್ಟ ಮ್ಯಾಲೆ ಬಿಚ್ಚಬೇಕು" ಎಂದಳು ಅತ್ತೆ. ಅಣ್ಣನ ಹೆಂಡತಿ, ನಮ್ಮ ವೈನಿ, ಕಿಟಕಿಯ ಕಡೆ ಮುಖ ತಿರುಗಿಸಿದಳು. ನಿಜ ಏನೆಂದು ಹೇಳುವ ಧೈರ್ಯ ಆ ಗಾಡಿಯಲ್ಲಿ ಯಾರಿಗೂ ಇರಲಿಲ್ಲ.

ಮ್ಯೂಸಿಯಂ ಬಗ್ಗೆ ಏನು ಹೇಳಲಿ. ಎಂಜಿನ್ನುಗಳಿಗೆ ಮಿರಿಮಿರಿ ಕರಿ ಬಣ್ಣ ಬಳಿದಿದ್ದರು, ಗಾಲಿಗಳ ಅಂಚಿಗೆ ಬೇರೆ ಬಣ್ಣದ ಗೆರೆ ಎಳೆದಿದ್ದರು. ಪಕ್ಕದ ಫಲಕದಲ್ಲಿ ಹುಟ್ಟಿದ ವರ್ಷ, ತೂಕ, ದುಡಿದ ಊರುಗಳು. ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಒಮ್ಮೆ ಹಾದುಹೋದವರಿಗೆ ಬಾಯ್ಲರು, ಉಗಿ ಎಂದರೆ ಏನು ಎಂಬುದು ಮೂಗಿಗೇ ಗೊತ್ತಾಗುತ್ತದೆ. ಇಲ್ಲಿ ಮೂಗಿಗೆ ಬಂದದ್ದು ಬರೀ ಬಣ್ಣದ ವಾಸನೆ. ಬೆಂಕಿ ಹಾಕದ ಒಲೆಯನ್ನು ಸಾರಿಸಿ ರಂಗೋಲಿ ಬಿಟ್ಟು ಊಟಕ್ಕೆ ಕರೆದ ಹಾಗಿತ್ತು. ಜನ ಎಂಜಿನ್ನಿಗೆ ಬೆನ್ನು ತಿರುಗಿಸಿ ನಿಂತು ಮೊಬೈಲಿನಲ್ಲಿ ತಮ್ಮ ಮುಖವನ್ನೇ ತೆಗೆದುಕೊಳ್ಳುತ್ತಿದ್ದರು. ಓಡುತ್ತಿದ್ದಾಗ ಹೊಗೆ, ಮಸಿ ಎಂದು ಬೈದವರ ಮಕ್ಕಳೇ ಇವರು. ಓಡುವುದನ್ನು ನಿಲ್ಲಿಸಿದ ಕೂಡಲೇ ಎಲ್ಲರಿಗೂ ಅಕ್ಕರೆ ಉಕ್ಕುತ್ತದೆ.

ಅಣ್ಣ ಮೊಮ್ಮಕ್ಕಳಿಗೆ ಗೈಡಾಗಿದ್ದ. ಫಲಕ ಓದುವ ಗೋಜಿಗೇ ಹೋಗದೆ ಎಲ್ಲದಕ್ಕೂ "ಇದು ಬ್ರಿಟಿಷರ ಕಾಲದ್ದು" ಎಂದ. ಗಂಟೆಗೆ ಹೇಳಿದ, ಕಂದೀಲಿಗೆ ಹೇಳಿದ, ಕೊನೆಗೆ ಕೂಡಲು ಹಾಕಿದ್ದ ಸಿಮೆಂಟಿನ ಬೆಂಚಿಗೂ ಹೇಳಿದ.

ಅತ್ತೆ ಮಾತ್ರ ಒಂದು ಎಂಜಿನ್ನನ್ನು ಮೂತಿಯಿಂದ ಬಾಲದವರೆಗೆ ನಿಧಾನವಾಗಿ ನೋಡಿಕೊಂಡು ಹೋದಳು. ಆಮೇಲೆ ಹಳಿಯನ್ನು ನೋಡಿದಳು. ಹಳಿ ಎಂಜಿನ್ನಿನ ಮುಂದೆ ಒಂದಿಷ್ಟು ದೂರ ಹೋಗಿ ಹೂವಿನ ಕುಂಡಗಳ ಹತ್ತಿರ ನಿಂತುಬಿಟ್ಟಿತ್ತು. ಹಿಂದೆಯೂ ಅಷ್ಟೇ. ಅವಳು ಆ ಕುಂಡಗಳನ್ನು ನೋಡಿದ್ದನ್ನು ನಾನು ನೋಡಿದೆ.

ಅಲ್ಲೇ ಪಕ್ಕದಲ್ಲಿ ಒಳಗೆ ಹೋಗಿ ನೋಡಬಹುದಾದ ಹಳೆಯ ರೈಲು ಡಬ್ಬಿ ಒಂದಿತ್ತು. ಅಣ್ಣ ಅತ್ತೆಯ ಕೈ ಹಿಡಿದು ಹತ್ತಿಸಿ, ಮರದ ಸೀಟಿನ ಮೇಲೆ ಕಿಟಕಿಯ ಹತ್ತಿರ ಕೂರಿಸಿ, ಹೊರಗೆ ನಿಂತು ಫೋಟೋ ತೆಗೆದ.

"ಆತಲ್ಲ ಅತ್ತಿ? ರೈಲು ಹತ್ತಿದಿ. ಇಳೀ ಇನ್ನ, ಹೊಟ್ಟಿ ಹಸದೈತಿ. ಹೊರಗ ಗಿಡದ ನೆಳ್ಳಾಗ ಬುತ್ತಿ ಬಿಚ್ಚೂಣು."

"ಗಾಡಿ ಬಿಡಲಿ" ಎಂದಳು ಅತ್ತೆ.

ಅಣ್ಣ ನನ್ನ ಕಡೆ ತಿರುಗಿ ಹಣೆಗೆ ಬೆರಳು ತಾಗಿಸಿ, "ವಯಸ್ಸಾತು, ತಿಳಿಯಾಂಗಿಲ್ಲ" ಎಂದು ಪಿಸುಗುಟ್ಟಿದ. ಆ ಕ್ಷಣ ಅವನು ನನ್ನ ಒಡಹುಟ್ಟಿದವನೆಂಬುದಕ್ಕೇ ನನಗೆ ಅಸಹ್ಯವಾಯಿತು. ಅವನು ಕಿವುಡರೊಡನೆ ಮಾತಾಡುವ ದನಿಯಲ್ಲಿ ಮತ್ತೆ ಶುರು ಮಾಡಿದ. "ಅತ್ತೀ, ಇದು ಹೋಗೂ ಗಾಡಿ ಅಲ್ಲ. ನಿಂತ ಗಾಡಿ."

"ಗೊತ್ತೈತಿ. ಆಪರೇಷನ್ ಆಗೇತಿ, ಕಣ್ಣು ಕಾಣತಾವು."

"ಮತ್ತ?"

"ರೈಲು ಹತ್ತಸ್ತೀನಿ ಅಂದಾಂವ ನೀನ. ಇದು ರೈಲಾದ್ರ ಹೊಂಡಲಿ. ರೈಲಲ್ಲ ಅಂದ್ರ ನೀ ಸುಳ್ಳ ಹೇಳಿದಿ. ಎರಡರಾಗ ಯಾವದು ಅಂತ ಬಾಯಿ ಬಿಟ್ಟ ಹೇಳು, ಇಳಿತೇನಿ."

ನಮ್ಮ ವಕೀಲರು ಸಾಕ್ಷಿಯನ್ನು ಇಷ್ಟು ಚೆಂದಾಗಿ ಕಟ್ಟಿಹಾಕಿದ್ದನ್ನು ನಾನು ನೋಡಿಲ್ಲ. ಮೈಕು ಕೈಗೆ ಬಂದರೆ ಬಿಡದ ಅಣ್ಣ ಮೊಬೈಲು ತೆಗೆದು ಅದರ ಗಾಜು ಒರೆಸತೊಡಗಿದ. ಮೊಮ್ಮಕ್ಕಳು ಕಿಸಕ್ಕೆಂದರು.

ಆಮೇಲೆ ಅವನು ಇನ್ನೊಂದು ಆಟ ಹೂಡಿದ. ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕುವ ಪುಟ್ಟ ರೈಲಿತ್ತು. ಅದರಲ್ಲಿ ಕೂರಿಸುತ್ತೇನೆ, ಅದು ಓಡುತ್ತದೆ ಎಂದ. ಅತ್ತೆ ಕಿಟಕಿಯಿಂದ ಅದು ಒಂದು ಸುತ್ತು ಬರುವುದನ್ನು ಪೂರ್ತಿ ನೋಡಿದಳು. "ಹೊಂಟ ಜಾಗಕ್ಕ ತಿರುಗಿ ಬರೂದು ರೈಲಲ್ಲ, ಗಾಣ. ಗಾಣ ನಾ ಭಾಳ ತಿರಿಗೇನಿ" ಎಂದಳು.

ಹೊತ್ತು ಇಳಿಯಿತು. ಅಣ್ಣ ಸಿಟ್ಟಾದ, ಬೇಡಿಕೊಂಡ, ಹೊರಗೆ ಹೋಗಿ ಮಕ್ಕಳ ಚಿಪ್ಸು ಕಸಿದು ತಿಂದು ಬಂದ. ಬುತ್ತಿಯ ಗಂಟು ಮಾತ್ರ ಅತ್ತೆಯ ತೊಡೆಯ ಮೇಲಿಂದ ಅಲ್ಲಾಡಲಿಲ್ಲ. ಕೊನೆಗೆ ಕಾವಲಿನವನು ಬಾಗಿಲಿಗೆ ಬಂದು, "ಅಮ್ಮಾರ, ಮುಚ್ಚೂ ಹೊತ್ತಾತ್ರಿ" ಎಂದ.

"ಈ ಗಾಡಿ ಯಾವಾಗ ಬಿಡತೈತ್ರೀ?" ಎಂದು ಅತ್ತೆ ಅವನನ್ನೇ ಕೇಳಿದಳು.

ಅವನು ನಕ್ಕ. "ಇದು ಬಿಡಾಂಗಿಲ್ರಿ. ಬಿಡೂ ಗಾಡಿ ಸ್ಟೇಷನ್‌ದಾಗ ಅದಾವ್ರಿ, ಇಲ್ಲೇ ಮಗ್ಗಲಕ್ಕ. ಮಿರಜಕ್ಕ ಹೋಗೂದು ಇನ್ನ ಸ್ವಲ್ಪ ಹೊತ್ತಿಗೆ ಐತ್ರಿ. ಯಾ ಊರು ನಿಮ್ಮದು?"

ಮಿರಜಿಗೆ ಹೋಗುವ ಗಾಡಿ ಎಂದರೆ ಕುಡಚಿಯ ಮೇಲೆಯೇ ಹೋಗುವ ಗಾಡಿ. ಕುಡಚಿಗೆ ಕ್ರೂಸರ್ ಬಂದರೆ ಅಲ್ಲಿಂದ ಮನೆ. ಇದು ಮುಂಬಯಿ ತಿರುಗಿದ ಅಣ್ಣನಿಗೆ ಗೊತ್ತಿರದ ಸಂಗತಿಯೇನಲ್ಲ. ನಾನು ಎದ್ದು, "ನಡಿ ಅತ್ತಿ" ಎಂದೆ. ಅವಳು ಸರಸರ ಇಳಿದಳು. ಇಷ್ಟು ಹೊತ್ತು ಬೇರೂರಿ ಕೂತವಳು ಇವಳೇನಾ ಎನ್ನುವ ಹಾಗೆ.

ಸ್ಟೇಷನ್ನಿನ ಬಾಗಿಲಲ್ಲಿ ಹೊಸ ತಕರಾರು ಶುರುವಾಯಿತು. ಮೊಮ್ಮಕ್ಕಳು ತಾವೂ ರೈಲಿನಲ್ಲೇ ಬರುತ್ತೇವೆ ಎಂದವು. ವೈನಿ ತಾನೂ ಬರುತ್ತೇನೆ ಎಂದಳು. ಅಣ್ಣನಿಗೂ ಕ್ರೂಸರಿನ ಕುಲುಕಾಟ ಸಾಕಾಗಿತ್ತು. ಅವನು ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡ.

"ಎಲ್ಲಾರೂ ಹೋದ್ರ ಹ್ಯಾಂಗ? ಡ್ರೈವರ್ ಹೊಸಬ, ಸಾಮಾನ ಅದಾವು. ಗಾಡ್ಯಾಗ ಒಬ್ಬರು ಬೇಕಲ್ಲ. ಅತ್ತಿಗೆ ಮೊಣಕಾಲ ಬ್ಯಾನಿ. ಅಕಿ ಕ್ರೂಸರ್‌ನ್ಯಾಗ ಕಾಲ ಚಾಚಿಕೊಂಡ ಆರಾಮ ಬರ್ಲಿ."

ಇದನ್ನು ಅವನು ಕೆಟ್ಟತನದಿಂದ ಹೇಳಲಿಲ್ಲ. ನಾಲಿಗೆಗೆ ರೂಢಿಯಾಗಿತ್ತು, ಬಂದುಬಿಟ್ಟಿತು. ನನಗೆ ಅದೇ ಹೆಚ್ಚು ಹೇಸಿಗೆ. ಕೆಟ್ಟತನವಾದರೆ ಸ್ವಲ್ಪ ಯೋಚನೆಯಾದರೂ ಬೇಕಾಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಲೆಯಾಡಿಸಿ, "ಖರೆ ಐತಿ. ಒಬ್ಬರು ಬೇಕು" ಎಂದಳು. ಇಷ್ಟೆಲ್ಲ ಆಗಿ ಈಗ ಮತ್ತೆ ಸೋತಳಲ್ಲ ಎನಿಸಿತು.

"ನೀ ಉಳಿ, ತಮ್ಮಾ" ಎಂದಳು.

ಅಣ್ಣ ಹೆಂಡತಿಯ ಮುಖ ನೋಡಿದ. ವೈನಿ, "ನಾ ಹುಡುಗರನ್ನ ನೋಡ್ಕೋಬೇಕಲ್ಲರೀ" ಎಂದು ಮಕ್ಕಳ ಕೈ ಹಿಡಿದು ನಡೆದೇಬಿಟ್ಟಳು. ನಾನು ಟಿಕೀಟು ತಂದೆ. ಅವನನ್ನು ಬಿಟ್ಟು ಉಳಿದವರಿಗೆ ಮಾತ್ರ.

ಡಬ್ಬಿಯ ಮೆಟ್ಟಿಲು ಎತ್ತರವಾಗಿತ್ತು. ಮೇಲಿನಿಂದ ವೈನಿ ಜಗ್ಗಿದಳು, ಕೆಳಗಿನಿಂದ ನಾನು ನೂಕಿದೆ. ಅತ್ತೆ ಹಲ್ಲು ಕಚ್ಚಿ ಹತ್ತಿದಳು, ಒಮ್ಮೆಯೂ ನರಳಲಿಲ್ಲ. ಕಿಟಕಿಯ ಹತ್ತಿರ ಕೂತು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೀಳ್ಕೊಡಲು ಪ್ಲಾಟ್‌ಫಾರ್ಮಿಗೆ ಬಂದಿದ್ದ ಅಣ್ಣ ಕಿಟಕಿಯ ಸರಳು ಹಿಡಿದು ನಿಂತ. ಭಾಷಣದ ದನಿ ಎಲ್ಲಿಗೋ ಹೋಗಿತ್ತು.

"ಅತ್ತಿ, ಎರಡು ರೊಟ್ಟಿ ಕೊಡ. ಮುಂಜಾನಿಂದ ಏನೂ ಉಂಡಿಲ್ಲ."

ಅತ್ತೆಯ ಕೈ ಗಂಟಿನ ಮೇಲೆ ಹೋಯಿತು. ಇವನನ್ನು ಸೊಂಟದ ಮೇಲೆ ಹೊತ್ತು ತುತ್ತು ಕೊಟ್ಟು ಬೆಳೆಸಿದವಳು, ಕೊಟ್ಟೇಬಿಡುತ್ತಾಳೆ ಎಂದುಕೊಂಡೆ. ಅವಳು ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.

"ತಡಿ. ಗಾಡಿ ಬಿಡಲಿ."

ಗಾಡಿ ಒಮ್ಮೆ ಕೂಗಿ ಅಲ್ಲಾಡಿತು. ಅಣ್ಣ ನಾಲ್ಕು ಹೆಜ್ಜೆ ಜೊತೆಗೆ ನಡೆದು ಸರಳು ಬಿಟ್ಟ. ಅತ್ತೆ ಕಿಟಕಿಗೆ ಮುಖ ಹಚ್ಚಿ, ಚಹದ ಅಂಗಡಿ ಹಿಂದೆ ಸರಿಯುವುದನ್ನು, ಬೆಂಚು ಸರಿಯುವುದನ್ನು, ಅಣ್ಣ ಸರಿಯುವುದನ್ನು ಒಂದೊಂದಾಗಿ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಗಂಟು ಬಿಚ್ಚಿದಳು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಮ್ಮ ಅತ್ತೆ ಮೊದಲ ರೊಟ್ಟಿಯನ್ನು ತಾನೇ ಮುರಿದುಕೊಂಡು ಉಂಡಳು.