ಬೀಗ ಹಾಕಿದ ಮನೆಯ ಹೊಸ್ತಿಲು

ಎದುರುಮನೆಯ ದೊಡ್ಡವ್ವನ ಬೆರಳ ಸಂದಿಗಳು ನೀರು ತಿಂದು ತಿಂದು ಬೆಳ್ಳಗಾಗಿದ್ದವು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಬೆಳಿಗ್ಗೆ ಒಂದು ಹೊಸ್ತಿಲು ತೊಳೆದರೆ ಆಕೆ ಎರಡು ತೊಳೆಯುತ್ತಿದ್ದಳು. ತನ್ನ ಮನೆಯದು ಮುಗಿಸಿ, ಸೊಂಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಗುವಳು. ಆ ಮನೆಗೆ ಬೀಗ. ಬೀಗಕ್ಕೆ ತುಕ್ಕು. ಹೊಸ್ತಿಲು ಮಾತ್ರ ಮದುವೆ ಮನೆಯದರಂತೆ ಅರಿಶಿನ ಹಚ್ಚಿಕೊಂಡು ಹೊಳೆಯುತ್ತಿತ್ತು.

ಚಿಕ್ಕವಳಿದ್ದಾಗ ನಾನು ಒಮ್ಮೆ ಕೇಳಿಯೇಬಿಟ್ಟೆ: "ಯಾರೂ ಇಲ್ಲದ ಮನಿ, ಯಾಕ ತೊಳಿತಿ ದೊಡ್ಡವ್ವ?"

"ಇದ್ದಾಗ ತೊಳಿಲಿಲ್ಲಲ್ಲ, ಅದಕ್ಕ" ಅಂದಳು.

ಆ ಮನೆ ಆಕೆಯ ಸ್ವಂತ ತಂಗಿಯದು. ಅಕ್ಕತಂಗಿ ಇಬ್ಬರೂ ಒಂದೇ ಮನೆತನಕ್ಕೆ ಸೊಸೆಯರಾಗಿ ಬಂದವರು. ಒಂದು ಬೇಸಿಗೆಯಲ್ಲಿ ದೊಡ್ಡವ್ವ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಗೆ ತಂಗಿಯ ಆಡು ಬಾಯಿ ಹಾಕಿತು. ಇಷ್ಟೇ ನೋಡಿ, ಶಾವಿಗೆ! ಮಾತಿಗೆ ಮಾತು ಬೆಳೆಯಿತು. ದೊಡ್ಡವ್ವನ ಸಿಟ್ಟು ಆಗ ಓಣಿಗೇ ಹೆಸರುವಾಸಿ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, "ನಿನ್ನ ಮನಿ ಹಾಳಾಗ್ಲಿ" ಎಂದು ತಂಗಿಯ ಬಾಗಿಲಿಗೆ ತೂರಿಬಿಟ್ಟಳು.

ಮಣ್ಣು ತೂರುವುದು ನಮ್ಮ ಕಡೆ ಹುಡುಗಾಟವಲ್ಲ. ತೂರಿದ ಮೇಲೆ ಎರಡೂ ಮನೆಯವರು ಒಬ್ಬರದೊಬ್ಬರು ಹನಿ ನೀರು ಮುಟ್ಟುವಂತಿಲ್ಲ. ತೂರಿದವಳೇ ಕೊಡ ಹೊತ್ತು ಹೋಗಿ ಆ ಹೊಸ್ತಿಲು ತೊಳೆಯಬೇಕು, ಆಗಲೇ ಮಾತು ಕೂಡುವುದು. ದೊಡ್ಡವ್ವನ ಸಿಟ್ಟು ಸಂಜೆಗೇ ಇಳಿದಿತ್ತಂತೆ. ಆದರೆ ಹಿರಿಯಕ್ಕ, ತಾನಾಗಿ ಹೋಗಿ ಬಗ್ಗಬೇಕೇ? ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದಳು. ಅಷ್ಟರಲ್ಲಿ ತಂಗಿಗೆ ಎದೆನೋವು ಬಂತು. ಕೂಡ್ಲಿಗಿ ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು.

ಮಣ್ಣು ಮಾಡಿ ಬಂದ ದಿನ ತಂಗಿಯ ಮಗಳು ಅಳುತ್ತಲೇ ಒಂದು ಹಿಡಿ ಮಣ್ಣನ್ನು ದೊಡ್ಡವ್ವನ ಬಾಗಿಲಿಗೆ ತೂರಿದಳು. ತಂದೆಯೊಂದಿಗೆ ಹರಪನಹಳ್ಳಿಗೆ ಹೋದವಳು ತಿರುಗಿ ಬರಲಿಲ್ಲ. ಅಲ್ಲಿಯೇ ಮದುವೆಯಾದಳು, ಮಕ್ಕಳಾದವು. ದೊಡ್ಡವ್ವ ಹೇಳಿಕಳಿಸಿದಾಗಲೆಲ್ಲ ಬಂದ ಉತ್ತರ ಒಂದೇ: "ನಮ್ಮವ್ವ ಎದ್ದು ಬಂದು ಹೋಗು ಅಂದ್ರ ಬರ್ತೀನಿ."

"ಮಣ್ಣಿಗೆ ಸತ್ತಳೋ, ಆಯುಷ್ಯ ತೀರಿ ಸತ್ತಳೋ, ಶಿವನಿಗೇ ಗೊತ್ತು" ಎನ್ನುತ್ತಿದ್ದಳು ದೊಡ್ಡವ್ವ. "ಆದ್ರ ನನ್ನ ಕೂಡ ಮಾತಾಡದ ಸತ್ಲು ನೋಡು, ಅದು ಮಾತ್ರ ನನ್ನಿಂದ."

ನಾನು ಕಂಡ ದೊಡ್ಡವ್ವ ಬೇರೆಯೇ ಹೆಂಗಸು. ಶಾವಿಗೆಯನ್ನು ಮತ್ತೆ ಬಾಯಿಗಿಟ್ಟವಳಲ್ಲ. ನಳದ ಹತ್ತಿರ ಯಾರಾದರೂ ಜಗಳ ತೆಗೆದರೆ, "ತಡಿಯವ್ವ, ಕೊಡ ತುಂಬ್ಲಿ, ಆಮ್ಯಾಲೆ ಬೈತೀನಿ" ಎನ್ನುವಳು. ಕೊಡ ತುಂಬಿದರೆ ಹೊತ್ತುಕೊಂಡು ಹೋಗಿಯೇಬಿಡುವಳು! ಬೈಯಲು ಬಂದವಳು ಬಾಯಿ ತೆರೆದುಕೊಂಡು ನಿಲ್ಲಬೇಕು. ನಾವು ನಗುತ್ತಿದ್ದೆವು. ಆಕೆ ಮಾತ್ರ ನಗುತ್ತಿರಲಿಲ್ಲ.

ನನ್ನ ಮೂಗಿನ ತುದಿಯಲ್ಲೂ ಸಿಟ್ಟು ಉಂಟು, ಮುಚ್ಚಿಡುವುದೇನು. ಅವ್ವ ತೀರಿದ ವರ್ಷ ನನ್ನ ತಂಗಿ ಅವ್ವನ ಇಳಕಲ್ ಸೀರೆಗಳನ್ನು ನನಗೊಂದು ಮಾತೂ ಕೇಳದೆ ಕೌದಿಗೆಂದು ಕತ್ತರಿಸಿದ್ದಳು. ಆ ಚೂರುಗಳನ್ನು ಕಂಡದ್ದೇ ತಡ, ನನಗೆ ಅವ್ವನನ್ನೇ ಕತ್ತರಿಸಿದಂತಾಯಿತು. ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲಿ ಬಗ್ಗಿ ಮಣ್ಣು ಹಿಡಿದೆ.

ಎಲ್ಲಿದ್ದಳೋ ದೊಡ್ಡವ್ವ, ಓಡಿ ಬಂದು ನನ್ನ ಮುಂಗೈ ಹಿಡಿದಳು. ಆ ಮುದಿ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ!

"ಬಿಚ್ಚು ಮುಷ್ಟಿ."

"ಬಿಡು ದೊಡ್ಡವ್ವ, ಅಕಿ ಏನ್ ಮಾಡ್ಯಾಳ ಗೊತ್ತೈತೇನು?"

"ಏನರ ಮಾಡ್ಲಿ. ಕೈಯಾಗ ಇರೋತನ ಬರೇ ಮಣ್ಣು. ತೂರಿದಿ ಅಂದ್ರ ಬಾಚಿ ತರಾಕ ಬರಂಗಿಲ್ಲ. ಸಿಟ್ಟಿನಾಗ ಕೊಯ್ದ ಮೂಗು ಶಾಂತ ಆದಮ್ಯಾಲೆ ಬರ್ತೈತೇನು? ನನ್ನ ನೋಡು. ಆ ಬೀಗ ನೋಡು."

ಒಂದೊಂದೇ ಬೆರಳು ಬಿಡಿಸಿದಳು. ಮಣ್ಣು ಕಾಲ ಮೇಲೆ ಬಿತ್ತು. ನಳದ ಹತ್ತಿರ ಕರೆದೊಯ್ದು, ಸಣ್ಣ ಕೂಸಿನ ಕೈ ತೊಳೆದ ಹಾಗೆ ನನ್ನ ಕೈ ತೊಳೆದಳು.

ತಂಗಿ ಹೊಲಿಸಿದ್ದು ಎರಡು ಕೌದಿ. ಒಂದು ನನಗೆ. ಈಗಲೂ ಅದನ್ನು ಹೊದ್ದುಕೊಂಡೇ ಮಲಗುತ್ತೇನೆ. ನನಗೆ ತಂಗಿ ಉಳಿದಿದ್ದಾಳೆ, ದಿನಾ ಫೋನ್ ಮಾಡುತ್ತಾಳೆ, ದಿನಾ ಜಗಳವಾಡುತ್ತೇವೆ. ಆ ಭಾಗ್ಯ ದೊಡ್ಡವ್ವ ಕೊಟ್ಟದ್ದು.

ಹೋದ ಚಳಿಗಾಲದಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು. ಮಗ ಹರಪನಹಳ್ಳಿಗೆ ಫೋನ್ ಮಾಡಿದ. ಬಾಗಿಲಲ್ಲಿ ನೆರಳು ಕಂಡಾಗಲೆಲ್ಲ "ಬಂದ್ಲೇನು?" ಎಂದು ಕೇಳುವಳು. ಕೇಳುತ್ತಲೇ ಜೀವ ಬಿಟ್ಟಳು. ಸುಳ್ಳಾದರೂ ಹೂಂ ಎನ್ನಬೇಕಿತ್ತು, ನನಗೆ ಬಾಯಿ ಬರಲಿಲ್ಲ.

ಮರುದಿನ ಆ ಮಗಳು ಬಂದಳು. ತಲೆಯಲ್ಲಿ ಬಿಳಿಕೂದಲು. ಹೆಣದ ಹತ್ತಿರ ಹೋಗಲಿಲ್ಲ, ಅಳಲಿಲ್ಲ. ಪಕ್ಕದ ಮನೆಯ ಮುಂದೆ ನಿಂತು ತಮ್ಮ ಹೊಸ್ತಿಲನ್ನು ಬಹಳ ಹೊತ್ತು ನೋಡಿದಳು. ಅರಿಶಿನ ಇನ್ನೂ ಪೂರ್ತಿ ಮಾಸಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಯವ್ವ, ಒಂದು ಕೊಡ ನೀರು ಕೊಡು" ಅಂದಳು. ಕೊಟ್ಟ ಕೊಡ ಹೊತ್ತು ದೊಡ್ಡವ್ವನ ಬಾಗಿಲಿಗೆ ಬಂದಳು.

"ಹೆಣ ಒಳಗ ಇರುವಾಗ ಹೊಸ್ತಿಲು ತೊಳಿಬಾರ್ದವ್ವ" ಎಂದರು ಯಾರೋ ಹಿರಿಯರು.

"ನಾನು ತೂರಿದ ಮಣ್ಣು ಇನ್ನೂ ಇಲ್ಲೇ ಐತ್ರಿ. ನಾನೇ ತೊಳಿಬೇಕು. ನಾನೂ ನಾಳೆ ನಾಳೆ ಅಂದ್ನಲ್ರೀ..." ಎಂದವಳು ದೊಡ್ಡವ್ವನ ಹೊಸ್ತಿಲ ಮುಂದೆ ಕುಳಿತಳು. ಕುಳಿತೇ, ಎರಡೂ ಕೈಯಿಂದ ಉಜ್ಜಿ ಉಜ್ಜಿ ತೊಳೆದಳು. ಯಾರೂ ತಡೆಯಲಿಲ್ಲ.

ಆ ನೀರು ಆರುವ ಮೊದಲೇ, ಅದೇ ಹೊಸ್ತಿಲು ದಾಟಿಸಿ ದೊಡ್ಡವ್ವನನ್ನು ಹೊರಗೆ ತಂದರು.